ದಾರಿ ಕಿರಿದು ಮಾಡಿದೆ, ಅಂಚಿನಲ್ಲಿ ಹುಲ್ಲು ಬಂತು

ಕಾಲುದಾರಿಯ ಪಕ್ಕದ ಗಿಡ ಉಳಿಯಬೇಕಾದರೆ ಜನರನ್ನು ಅಗಲಕ್ಕೆ ಹರಡಿಬಿಡಿ, ಒಂದೇ ಜಾಗ ತುಳಿಯಲು ಬಿಡಬೇಡಿ. ನನಗೆ ಎಲ್ಲರೂ ಹೇಳಿದ್ದು ಇದನ್ನೇ. ನಾನು ಮಾಡಿದ್ದು ಇದರ ಉಲ್ಟಾ. ಎಲ್ಲ ಕಾಲುಗಳನ್ನೂ ಒಂದೇ ಗೆರೆಗೆ ತಂದೆ. ಆರು ತಿಂಗಳಲ್ಲಿ ದಾರಿ ಹಾಳಾಗಿ ಹೋಗುತ್ತದೆ ಎಂದವರು ಈಗ ಬಂದು, ಹೇಗೆ ಮಾಡಿದಿರಿ ಹೇಳಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ದಾರಿ ಸುಮಾರು 600 ಮೀಟರ್. ಮರಗಳ ನಡುವೆ ಹತ್ತಿ ಬಂಡೆಯ ಹತ್ತಿರ ಮುಗಿಯುತ್ತದೆ. ನಾನು ಕೈ ಹಾಕಿದಾಗ ಕೆಟ್ಟ ಜಾಗದಲ್ಲಿ ಅಗಲ ನಾಲ್ಕು ಮೀಟರ್ ದಾಟಿತ್ತು. ಮಧ್ಯದ ಏರಿನಲ್ಲಿ ಒಂದರ ಪಕ್ಕ ಒಂದು ಅಂತ ಮೂರು ದಾರಿಗಳಾಗಿದ್ದವು, ನಡುವೆ ಒಂದು ಕಡ್ಡಿ ಹುಲ್ಲೂ ಇರಲಿಲ್ಲ. ಈಗ ಅದೇ ಏರಿನಲ್ಲಿ ಒಂದೇ ದಾರಿ. ಅಗಲ ಒಂದು ಮೀಟರ್, ಅದಕ್ಕಿಂತ ಸ್ವಲ್ಪ ಜಾಸ್ತಿ. ಇದಕ್ಕೆ ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಎರಡು ವರ್ಷ ಪೂರ್ತಿ ಸೋಲು.

ಮೊದಲ ವರ್ಷ ಗಿಡ ನೆಟ್ಟೆ. ಕೈಯಲ್ಲಿದ್ದ ದುಡ್ಡಿನಲ್ಲಿ ಮುಕ್ಕಾಲು ಪಾಲು ಸಸಿಗೇ ಹೋಯಿತು. 300 ಸಸಿ ಇರಬೇಕು. ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಉಳಿದದ್ದು ನಲವತ್ತೋ ಐವತ್ತೋ. ನೀರು ಸಾಲದೆ ಸತ್ತವು ಅಂದುಕೊಂಡೆ. ಆಮೇಲೆ ಒಂದು ಒಣಗಿದ ಸಸಿಯನ್ನು ಸುತ್ತ ಅಗೆದು ಎತ್ತಿದೆ. ಬೇರು ಗುಂಡಿ ಬಿಟ್ಟು ಒಂದಿಂಚೂ ಆಚೆ ಹೋಗಿರಲಿಲ್ಲ. ಗುಂಡಿಯ ಗೋಡೆ ಮುಟ್ಟಿ, ಅಲ್ಲಿಂದ ತಿರುಗಿ, ಮಡಕೆಯೊಳಗೆ ಸುತ್ತಿಕೊಂಡ ಹಾಗೆ ಸುತ್ತಿಕೊಂಡಿತ್ತು. ಗೋಡೆಯ ಮೇಲೆ ಗುದ್ದಲಿ ಎಳೆದ ಗುರುತು ಇನ್ನೂ ನುಣ್ಣಗೆ ಹಾಗೇ ಇತ್ತು. ತುಳಿದು ತುಳಿದು ಗಟ್ಟಿಯಾದ ಮಣ್ಣಿನಲ್ಲಿ ತೋಡಿದ ಗುಂಡಿ ಅಂದರೆ ನೆಲದಲ್ಲಿ ಹೂತ ಕುಂಡ, ಅಷ್ಟೇ. ಮಳೆಯಲ್ಲಿ ಅದರೊಳಗೆ ನೀರು ನಿಂತು ಅರ್ಧ ಸಸಿ ಕೊಳೆತವು, ಬಿಸಿಲಿಗೆ ಇನ್ನರ್ಧ ಒಣಗಿದವು.

ಎರಡನೇ ವರ್ಷ ಹಗ್ಗ ಕಟ್ಟಿ, ಗೂಟ ನೆಟ್ಟು, ಮಧ್ಯದ ದಾರಿ ಮುಚ್ಚಿ ಹುಲ್ಲಿನ ಬೀಜ ಚೆಲ್ಲಿದೆ. ಜನ ಹಗ್ಗದ ಪಕ್ಕದಲ್ಲೇ ನಡೆದು ನಾಲ್ಕನೇ ದಾರಿ ಮಾಡಿದರು. ಬೀಜವಂತೂ ಮೊದಲ ಜೋರು ಮಳೆಗೇ ಕೊಚ್ಚಿಹೋಯಿತು. ಎರಡು ವಾರ ಬಿಟ್ಟು ನೋಡಿದರೆ ಇಳಿಜಾರಿನ ಕೆಳಗೆ, ನೀರು ನಿಂತು ಹೂಳು ಬಿದ್ದ ಜಾಗದಲ್ಲಿ, ಒಂದು ಪಟ್ಟಿಯಷ್ಟು ಹುಲ್ಲು ದಟ್ಟವಾಗಿ ಹುಟ್ಟಿತ್ತು. ನಾನು ಮೇಲೆ ಚೆಲ್ಲಿದ ಬೀಜ ಅದು. ಬೇಜಾರಾಯಿತು. ಆದರೆ ನಿಜವಾದ ಕೆಲಸ ಯಾವುದು ಅಂತ ಅಲ್ಲೇ ಗೊತ್ತಾಯಿತು. ದಾರಿಯನ್ನು ಕೆಡಿಸುತ್ತಿದ್ದದ್ದು ಕಾಲು ಮಾತ್ರ ಅಲ್ಲ, ನೀರೂ ಸೇರಿತ್ತು.

ಅದಕ್ಕೆ ಮೊದಲು ಇನ್ನೊಂದು ವಿಷಯ ಹೇಳಬೇಕು. ಅದೇ ಮಳೆಗಾಲದಲ್ಲಿ ನಾನು ತುಳಿದು ನೋಡುವ ಪರೀಕ್ಷೆ ಮಾಡಿದೆ. ಡೇವಿಡ್ ಕೋಲ್ ಮತ್ತು ನೀಲ್ ಬೇಫೀಲ್ಡ್ ಎಂಬ ಸಂಶೋಧಕರು 1993ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿದ್ದಾರೆ. ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳು. ಒಂದನ್ನು ಮುಟ್ಟುವುದಿಲ್ಲ, ಉಳಿದವನ್ನು 25, 75, 200, 500 ಸಲ ನಡೆದು ತುಳಿಯುವುದು. ನಾನು ದಾರಿಯಿಂದ ದೂರ ಎರಡು ಕಡೆ ಮಾಡಿದೆ. ಒಂದು ಮರದ ನೆರಳಿನ ಮೆತ್ತನೆ ಅಗಲ ಎಲೆಯ ಗಿಡಗಳಲ್ಲಿ, ಇನ್ನೊಂದು ಬಯಲಿನ ಗರಿಕೆಯಲ್ಲಿ. ನೆರಳಿನ ಪಟ್ಟಿಯಲ್ಲಿ 75ಕ್ಕೇ ಅರ್ಧಕ್ಕರ್ಧ ಹಸಿರು ಹೋಯಿತು, 200ಕ್ಕೆ ಹೆಚ್ಚುಕಡಿಮೆ ಬೋಳು. 500 ಸಲ ತುಳಿದದ್ದಕ್ಕೂ 200 ಸಲ ತುಳಿದದ್ದಕ್ಕೂ ಕಣ್ಣಿಗೆ ದೊಡ್ಡ ವ್ಯತ್ಯಾಸವೇ ಇರಲಿಲ್ಲ. ಗರಿಕೆ 200ಕ್ಕೂ ಬಗ್ಗಲಿಲ್ಲ. 500ಕ್ಕೆ ಸವೆಯಿತು, ಮಳೆ ಬಿದ್ದ ಮೇಲೆ ಒಂದೂವರೆ ತಿಂಗಳಲ್ಲಿ ವಾಪಸ್ ಬಂತು. ಅದರ ಕುಡಿ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಕಾಂಡ ಮಣ್ಣಿನೊಳಗೂ ಹರಿದಿರುತ್ತದೆ. ಮೇಲಿನ ಎಲೆ ಅರೆದುಹೋದರೂ ಕೆಳಗಿಂದ ಚಿಗುರುತ್ತದೆ. ಉದ್ದ ಕಾಂಡದ ತುದಿಯಲ್ಲಿ ಕುಡಿ ಇಟ್ಟುಕೊಂಡ ಗಿಡಕ್ಕೆ ಆ ಅವಕಾಶ ಇಲ್ಲ. ಕಾಂಡ ಮುರಿದರೆ ಮುಗಿಯಿತು.

ನೋಡಿ, ಮೆತ್ತನೆ ಗಿಡಗಳಿರುವ ಕಡೆ ಹಾನಿಯ ದೊಡ್ಡ ಪಾಲು ಮೊದಲ ನೂರಿನ್ನೂರು ಸಲ ತುಳಿಯುವುದರಲ್ಲೇ ಆಗಿಹೋಗುತ್ತದೆ. ಹಾಗಿದ್ದ ಮೇಲೆ ದಿನವೂ ಜನ ಓಡಾಡುವ ಕಡೆ ಅವರನ್ನು ಹತ್ತು ಗೆರೆಗೆ ಹರಡಿದರೆ ಸಿಗುವುದು ಹತ್ತು ಸತ್ತ ಗೆರೆ. ಒಂದಕ್ಕೆ ತಂದರೆ ಸಾಯುವುದು ಒಂದೇ. ಅಲ್ಲೊಬ್ಬರು ಇಲ್ಲೊಬ್ಬರು ಹೋಗುವ ಕಾಡಿನ ಮಾತು ಬೇರೆ, ಅಲ್ಲಿ ಹರಡುವುದೇ ಸರಿ.

ಮಣ್ಣನ್ನೂ ಅಳೆದೆ. ತಳ ಕತ್ತರಿಸಿದ ಡಬ್ಬಿಯನ್ನು ನೆಲಕ್ಕೆ ಬಡಿದು ನೀರು ಹೊಯ್ದು, ಅದು ಇಂಗಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ನೋಡುವುದು. ದಾರಿಯಿಂದ ದೂರ, ಮರದಡಿ ಎರಡು ಮೂರು ನಿಮಿಷಕ್ಕೆ ನೀರು ಇಂಗಿತು. ದಾರಿಯ ನಡುವೆ ಒಂದು ಗಂಟೆ ಕಳೆದರೂ ಅರ್ಧ ಡಬ್ಬಿ ನೀರು ಹಾಗೇ ಇತ್ತು. ಅದೇ ಡಬ್ಬಿಯಲ್ಲಿ ತೆಗೆದ ಮಣ್ಣು ಒಣಗಿಸಿ ತೂಕ ಮಾಡಿದರೆ ಮರದಡಿಯದು ಘನ ಸೆಂಟಿಮೀಟರಿಗೆ 1.1 ಗ್ರಾಂ ಹತ್ತಿರ, ದಾರಿಯದು 1.6 ಹತ್ತಿರ. ತೂಕ ಜಾಸ್ತಿ ಅಂದರೆ ಮಣ್ಣು ಅಷ್ಟು ಒತ್ತಿಕೊಂಡಿದೆ ಅಂತ. ತುಳಿದಾಗ ಮೊದಲು ಮುಚ್ಚುವುದು ದೊಡ್ಡ ರಂಧ್ರಗಳೇ. ನೀರು ಇಳಿಯುವುದೂ ಗಾಳಿ ಆಡುವುದೂ ಅಲ್ಲಿಂದಲೇ ತಾನೇ. ಒಂದು ಸಣ್ಣ ಪ್ರಯೋಗ ಬೇರೆ ಮಾಡಿದೆ. ಮಳೆ ನಿಂತ ಮರುದಿನ ಒಂದು ಪಟ್ಟಿ, ಹತ್ತು ದಿನ ಒಣಗಿದ ಮೇಲೆ ಇನ್ನೊಂದು ಪಟ್ಟಿ ತುಳಿದೆ. ಹಸಿ ಮಣ್ಣಿನಲ್ಲಿ 20 ಸಲ ತುಳಿದದ್ದಕ್ಕೇ ಕಬ್ಬಿಣದ ಸರಳು ಇಳಿಯದಂತಾಯಿತು. ಒಣ ಮಣ್ಣನ್ನು ಆ ಸ್ಥಿತಿಗೆ ತರಲು ನೂರಕ್ಕೂ ಜಾಸ್ತಿ ಸಲ ತುಳಿಯಬೇಕಾಯಿತು. ಮಳೆ ಬಂದ ಮರುದಿನದಿಂದ ಎರಡು ದಿನ ದಾರಿ ಮುಚ್ಚಿದರೆ ವರ್ಷದ ಅರ್ಧ ಹಾನಿ ತಪ್ಪುತ್ತದೆ ಅಂತ ನನಗೆ ಅನಿಸಿದೆ. ಆದರೆ ಜನ ಒಪ್ಪುವುದಿಲ್ಲ.

ಈಗ ನೀರಿನ ವಿಷಯ. ಮೂರನೇ ವರ್ಷ ಏನೂ ನೆಡಲಿಲ್ಲ. ಜೋರು ಮಳೆಯಲ್ಲಿ ಹೋಗಿ ನಿಂತು ನೋಡಿದೆ. ದಾರಿಯೇ ಕಾಲುವೆ ಆಗಿತ್ತು. ಸುತ್ತಲ ನೆಲಕ್ಕಿಂತ ದಾರಿ ತಗ್ಗಾಗಿದ್ದರಿಂದ ನೀರಿಗೆ ಆಚೆ ಹೋಗಲು ದಾರಿಯೇ ಇಲ್ಲ. ತಿರುವಿನಲ್ಲಿ ನಿಂತು ಕೆಸರಾಗುತ್ತದೆ. ಜನ ಕೆಸರು ಬಿಟ್ಟು ಅಂಚಿನಲ್ಲಿ ಕಾಲಿಡುತ್ತಾರೆ, ಯಾರಾದರೂ ಹಾಗೇ ಮಾಡುತ್ತಾರೆ. ಅಂಚಿನ ಗಿಡ ಸಾಯುತ್ತದೆ, ಅಲ್ಲೂ ತಗ್ಗಾಗುತ್ತದೆ, ಅಲ್ಲೂ ಕೆಸರಾಗುತ್ತದೆ. ನಾಲ್ಕು ಮೀಟರ್ ಅಗಲ ಆದದ್ದು ಹೀಗೆ.

ನೀರು ಹೊರಹಾಕಲು ಮೊದಲು ಅಡ್ಡಕ್ಕೆ ಮರದ ದಿಮ್ಮಿ ಹೂತೆ. ಅದೂ ದಂಡ. ಎರಡು ಮಳೆಗೆ ಹಿಂದೆ ಹೂಳು ತುಂಬಿ ನೀರು ಮೇಲಿಂದ ಹಾರಿತು. ಜನ ದಿಮ್ಮಿ ದಾಟುವ ಬದಲು ಪಕ್ಕದಿಂದ ಸುತ್ತಿ ಹೋಗಿ ಇನ್ನೊಂದು ಬೋಳು ಜಾಗ ಮಾಡಿದರು. ದಿಮ್ಮಿ ಕಿತ್ತು ಅಡ್ಡ ತಗ್ಗು ತೋಡಿದೆ. ಕಾಲಿಗೆ ಗೊತ್ತೇ ಆಗದಷ್ಟು ಉದ್ದಕ್ಕೆ, ನಿಧಾನವಾಗಿ ಇಳಿದು ಏರುವ ತಗ್ಗು. ದಾರಿಯ ಮೈಯನ್ನು ಇಳಿಜಾರಿನ ಕಡೆಗೆ ನೂರಕ್ಕೆ ಐದರಷ್ಟು ಓರೆ ಮಾಡಿದೆ. ಕಡಿದಾದ ಕಡೆ ಹತ್ತು ಹನ್ನೆರಡು ಮೀಟರಿಗೊಂದು, ಸಪಾಟಾದ ಕಡೆ ಮೂವತ್ತು ಮೀಟರಿಗೊಂದು, ಒಟ್ಟು ಇಪ್ಪತ್ತೆಂಟೋ ಮೂವತ್ತೋ ತಗ್ಗು. ಒಂದೊಂದನ್ನು ಸರಿಯಾಗಿ ಎಲ್ಲಿ ತೋಡಬೇಕು ಅಂತ ಹುಡುಕಲು ನನ್ನದೇ ಒಂದು ರೀತಿ ಇದೆ. ಅದನ್ನು ಜೊತೆಗೆ ಗುದ್ದಲಿ ಹಿಡಿದವರಿಗೆ ಮಾತ್ರ ತೋರಿಸಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಈ ಮೂವತ್ತರಲ್ಲಿ ಇವತ್ತಿಗೂ ಕೆಟ್ಟಿರುವುದು ಎರಡೇ ಅಂತ ಮಾತ್ರ ಹೇಳುತ್ತೇನೆ.

ನೀರು ಹೋದ ಮೇಲೆ ಕಾಲಿನ ಕೆಲಸ. ಜನರಿಗೆ ಬೋರ್ಡು ಬೇಡ, ಅಂಚಿಗಿಂತ ದಾರಿಯೇ ಹಿತವಾಗಿರಬೇಕು. ನಡುವಿನ ಗೆರೆಗೆ ಜಲ್ಲಿಪುಡಿ ಮತ್ತು ಜೇಡಿ ಬೆರೆಸಿ ಹಾಕಿ ದಮ್ಮಸು ಮಾಡಿದೆವು. ಅಂಚಿನಲ್ಲಿ ಕಲ್ಲು. ನಮ್ಮ ಗುಂಪಿನ ಹಿರಿಯರೊಬ್ಬರು, "ಸುಮ್ನೆ ದುಡ್ಡು ಹಾಕ್ತಿದ್ದೀರಿ, ಒಂದು ಮಳೆಗಾಲದಲ್ಲಿ ಕಲ್ಲೆಲ್ಲ ಕೆಳಗೆ ಉರುಳಿರುತ್ತೆ ನೋಡಿ" ಅಂದರು. ಸಣ್ಣ ಕಲ್ಲುಗಳ ಬಗ್ಗೆ ಅವರ ಮಾತು ನಿಜವಾಯಿತು. ಇಬ್ಬರು ಸೇರಿ ಎತ್ತಬೇಕಾದ ಕಲ್ಲನ್ನು ಮೂರನೇ ಎರಡು ಪಾಲು ಹೂತಿಟ್ಟದ್ದು ಒಂದೂ ಅಲುಗಿಲ್ಲ. ಸಾಲಾಗಿ ಇಡಬಾರದು, ಸಾಲು ಕಂಡರೆ ಮಕ್ಕಳು ಅದರ ಮೇಲೇ ನಡೆಯುತ್ತಾರೆ. ತಿರುವಿನ ಅಡ್ಡದಾರಿಗಳನ್ನು ಮುಚ್ಚುವಾಗ ಬಾಯಿಗೆ ಮಾತ್ರ ಮುಳ್ಳು ಹಾಕಿದರೆ ಸಾಲದು. ಮೇಲೆ ನಿಂತವರ ಕಣ್ಣಿಗೆ ಆ ಗೆರೆ ಕಾಣಿಸಲೇಬಾರದು. ಒಣ ಕೊಂಬೆಗಳನ್ನು ಮಲಗಿಸದೆ ಬುಡ ಹೂತು ನೆಟ್ಟಗೆ ನಿಲ್ಲಿಸಿದೆ, ಗಿಡ ಬೆಳೆದ ಹಾಗೆ. ಗೆರೆ ಕಾಣದೆ ಹೋದ ಮೇಲೆ ಯಾರೂ ಆ ಕಡೆ ಇಳಿಯಲಿಲ್ಲ.

ಆಮೇಲೆ ಮಣ್ಣು, ಕೊನೆಗೆ ಗಿಡ. ಮುಚ್ಚಿದ ಗೆರೆಗಳನ್ನು ಪಿಕಾಸಿಯಿಂದ ಒಂದು ಗೇಣು ಆಳಕ್ಕೆ ಸಡಿಲ ಮಾಡಿದೆವು. ಮರದ ಹತ್ತಿರ ಹಾಗೆ ಮಾಡಬೇಡಿ. ಉಣ್ಣುವ ಬೇರುಗಳು ಮೇಲಿನ ಆ ಗೇಣಿನಲ್ಲೇ ಇರುತ್ತವೆ. ಅಲ್ಲಿ ಹಾರೆಯಿಂದ ತೂತು ಮಾಡಿ ಕೊಳೆತ ಎಲೆಗೊಬ್ಬರ ತುಂಬಿದೆವು. ಪಕ್ಕದ ಕೆಡದ ಜಾಗದಿಂದ ಮೇಲ್ಮಣ್ಣನ್ನು ಒಂದೊಂದು ಹಿಡಿಯಂತೆ ಬೇರೆ ಬೇರೆ ಕಡೆಯಿಂದ ಬುಟ್ಟಿಗೆ ಹಾಕಿ ತಂದು ಉದುರಿಸಿದೆವು. ಬೀಜವೂ ಶಿಲೀಂಧ್ರವೂ ಅದರಲ್ಲೇ ಇರುತ್ತದೆ, ಒಂದು ಕಾಸಿನ ಖರ್ಚಿಲ್ಲ. ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ. ದಾರಿಯ ಅಂಚಿಗೆ ಗರಿಕೆಯ ತುಂಡು, ಅದರ ಹಿಂದೆ ಅಲ್ಲಲ್ಲಿ ಸಸಿ. ಈ ಸಲ ಸಸಿ 30 ಕೂಡ ದಾಟಲಿಲ್ಲ. ಉಳಿದದ್ದು ತಾನಾಗೇ ಹುಟ್ಟಿತು.

ಒಂದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ತರಗೆಲೆ ಸರಿಸಿ ನೋಡಿದೆ. ಎಲೆಯ ಕೆಳಗೆ ಎರೆಹುಳು ಹಾಕಿದ ಮಣ್ಣಿನ ಸಣ್ಣ ಗುಡ್ಡೆಗಳು, ಹಸಿಯಾಗಿ, ಕಾಳಿನಂತೆ ಒಂದರ ಮೇಲೊಂದು. ಮೂರು ವರ್ಷ ನನ್ನ ಸರಳು ಇಳಿಯದ ಜಾಗ ಅದು. ಕಣ್ಣು ತುಂಬಿ ಬಂತು. ಅಲ್ಲೇ ಡಬ್ಬಿ ಬಡಿದು ನೀರು ಹೊಯ್ದೆ, ಹದಿನೈದು ಹದಿನಾರು ನಿಮಿಷಕ್ಕೆ ಇಂಗಿತು. ಮರದಡಿಯ ಮಣ್ಣಿಗೆ ಇದು ಇನ್ನೂ ಸಮ ಅಲ್ಲ, ಅದಕ್ಕೆ ಇನ್ನೂ ವರ್ಷಗಳು ಬೇಕು.

ಕಳೆ ಹೇಗೆ ಬರುತ್ತದೆ ಅಂತಲೂ ನೋಡಿದೆ. ಒಂದು ಭಾನುವಾರ ದಾರಿಯ ಬುಡದಲ್ಲಿ ನಿಂತು, ಕೇಳಿಕೊಂಡು, ಸುಮಾರು 50 ಜನರ ಬೂಟಿನ ಕೆಸರು ಕೆರೆದು ಟ್ರೇಗೆ ಹಾಕಿ ನೀರು ಕೊಟ್ಟೆ. ಒಂದು ತಿಂಗಳಲ್ಲಿ ಮೂವತ್ತಕ್ಕೂ ಜಾಸ್ತಿ ಮೊಳಕೆ ಬಂದವು, ಅದರಲ್ಲಿ ಆರೇಳು ಪಾರ್ಥೇನಿಯಂ. ಸಡಿಲ ಮಾಡಿದ ಬೋಳು ಮಣ್ಣು ಅಂದರೆ ಪಾರ್ಥೇನಿಯಂಗೆ ಹಬ್ಬ. ಅದಕ್ಕೇ ಸಡಿಲ ಮಾಡಿದ ದಿನವೇ ತರಗೆಲೆ ಮುಚ್ಚಬೇಕು, ನಾಳೆಗೆ ಬಿಡಬಾರದು. ಬೂಟು ಉಜ್ಜಲು ದಾರಿಯ ಬುಡದಲ್ಲಿ ಒರಟು ಬ್ರಷ್ ಇಟ್ಟಿದ್ದೇನೆ, ಬಂದ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲು ವರ್ಷಕ್ಕೆ ಎರಡು ಸಲ ಕಿತ್ತುಹಾಕುತ್ತೇವೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲ ಎರಡು ವರ್ಷ ಸುರಿದದ್ದರ ಅರ್ಧದಷ್ಟೂ ಮುಂದಿನ ಎರಡು ವರ್ಷಕ್ಕೆ ಬೇಕಾಗಲಿಲ್ಲ. ಅದರಲ್ಲೂ ದೊಡ್ಡ ಪಾಲು ಕಲ್ಲು ಸಾಗಿಸಿದ್ದಕ್ಕೆ. ಈಗ ಖರ್ಚು ಅಂದರೆ ಮಳೆಗೆ ಮೊದಲು ಅರ್ಧ ದಿನ, ಮೊದಲ ಜೋರು ಮಳೆ ಆದ ಮೇಲೆ ಅರ್ಧ ದಿನ, ತಗ್ಗುಗಳ ಹೂಳು ಎಳೆಯುವುದು. ಇಷ್ಟು ತಪ್ಪಿಸಿದರೆ ಎಲ್ಲ ಮೊದಲಿಗೇ ಹೋಗುತ್ತದೆ.

ಇನ್ನೂ ಸೋತಿರುವ ಜಾಗ ಒಂದಿದೆ. ಬಂಡೆಗೆ ಸ್ವಲ್ಪ ಕೆಳಗೆ ದೊಡ್ಡ ಮರವೊಂದರ ಬೇರುಗಳು ಮೆಟ್ಟಿಲಿನಂತೆ ಹೊರಬಂದಿವೆ. ಇಳಿಯುವವರು ಹಿಮ್ಮಡಿ ಊರಿ ಜಾರುವುದು ಅಲ್ಲೇ, ಬೇರಿನ ತೊಗಟೆ ಸವೆದು ನುಣುಪಾಗಿದೆ. ಎರಡು ಸಲ ಮಣ್ಣು ತಂದು ಮುಚ್ಚಿದೆ, ಎರಡು ಸಲವೂ ಹೋಯಿತು. ಈ ಸಲ ದಾರಿಯನ್ನೇ ಆ ಮರದಿಂದ ಐದು ಮೀಟರ್ ಆಚೆ ತಿರುಗಿಸಲು ಗೂಟ ಹೊಡೆದು ಬಂದಿದ್ದೇನೆ. ಮಳೆ ಹಿಡಿಯುವ ಮೊದಲು ಅಗೆತ ಮುಗಿಯಬೇಕು.