ತಾಯ್ತನದ ಹಾಸ್ಯ ಕಾದಂಬರಿಯನ್ನು ನಾನು ಬರೆದ ಬಗೆ

ಮಗಳಿಗೆ ಎರಡು ವರ್ಷ ತುಂಬಿದಾಗ, ತಾಯಿಯೊಬ್ಬಳ ನಿತ್ಯದ ಬದುಕನ್ನು ಹಾಸ್ಯ ಕಾದಂಬರಿಯಾಗಿ ಬರೆಯಬೇಕೆಂದು ಕುಳಿತೆ. ಅದನ್ನು ಮುಗಿಸುವ ಹೊತ್ತಿಗೆ ಅವಳಿಗೆ ಏಳು ತುಂಬಿತ್ತು. ಆ ಐದು ವರ್ಷಗಳಲ್ಲಿ ಮೊದಲ ಎರಡು ಸಂಪೂರ್ಣವಾಗಿ ತಪ್ಪು ದಾರಿಯಲ್ಲಿ ಕಳೆದವು. ಮೊದಲ ಕರಡಿನ ತಾಯಿ ಬಹಳ ಚುರುಕು ಮಾತಿನವಳು. ಮಗು ಹಾಲು ಚೆಲ್ಲಿದರೂ, ಗಂಡ ಏನನ್ನಾದರೂ ಮರೆತು ಬಂದರೂ, ಶಾಲೆಯಿಂದ ಚೀಟಿ ಬಂದರೂ ಅವಳ ಬಳಿ ಒಂದು ಚಟಾಕಿ ಸಿದ್ಧವಾಗಿರುತ್ತಿತ್ತು. ನೂರನಲವತ್ತು ಪುಟಗಳನ್ನು ಓದಿದ ಗೆಳತಿ ಹಸ್ತಪ್ರತಿಯನ್ನು ಹಿಂದಿರುಗಿಸುತ್ತಾ, “ಎಲ್ಲ ಚೆನ್ನಾಗಿದೆ, ಆದರೆ ಈ ಹೆಂಗಸಿಗೆ ಏನೂ ಬೇಕಾಗಿಲ್ಲವಲ್ಲ” ಎಂದಳು. ಆ ಮಾತು ಹಲವು ದಿನ ನನ್ನ ನಿದ್ದೆ ಕೆಡಿಸಿತು. ಎಲ್ಲವನ್ನೂ ನಕ್ಕು ತಳ್ಳಿಹಾಕಬಲ್ಲವಳು ಆಗಲೇ ದಡ ಸೇರಿದವಳು. ಅವಳಿಗಾಗಿ ಓದುಗರು ಆತಂಕಪಡಬೇಕಾದ ಕಾರಣವೇ ಇರುವುದಿಲ್ಲ, ಆತಂಕವಿಲ್ಲದ ಕಡೆ ಬಿಡುಗಡೆಯ ನಗೆಯೂ ಹುಟ್ಟುವುದಿಲ್ಲ.

ಕರಡನ್ನು ಪಕ್ಕಕ್ಕಿಟ್ಟು, ಈ ಬಗೆಯ ಪುಸ್ತಕಗಳನ್ನು ಬರೆದವರು ಹೇಗೆ ಬರೆದಿದ್ದಾರೆಂದು ನಿಧಾನವಾಗಿ ಓದತೊಡಗಿದೆ. ಇಂಗ್ಲಿಷ್ ಲೇಖಕಿ ಇ. ಎಂ. ಡೆಲಫೀಲ್ಡ್ ಅವರ ‘ಡೈರಿ ಆಫ್ ಎ ಪ್ರೊವಿನ್ಷಿಯಲ್ ಲೇಡಿ’ 1929ರಲ್ಲಿ ‘ಟೈಮ್ ಆ್ಯಂಡ್ ಟೈಡ್’ ಎಂಬ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಗಿ, 1930ರಲ್ಲಿ ಪುಸ್ತಕವಾಯಿತು. ಅದರ ಮೊದಲ ದಿನದ ಬರಹದಲ್ಲಿಯೇ, ದಿನಚರಿ ಬರೆಯುವ ನಾಯಕಿ ಹೂಗೆಡ್ಡೆಗಳನ್ನು ಬೋಗುಣಿಯಲ್ಲಿ ನೆಡುತ್ತಿರುವಾಗ, ಆಕೆಗಿಂತ ಸಿರಿವಂತೆಯಾದ ಲೇಡಿ ಬಾಕ್ಸ್ ಬಂದಿಳಿಯುತ್ತಾಳೆ. ಎರಡು ಮಕ್ಕಳು, ಪತ್ರಿಕೆಯ ಹಿಂದೆ ನಿದ್ದೆಗೆ ಜಾರುವ ಗಂಡ, ತೀರದ ಹಣದ ತಾಪತ್ರಯ ಇವುಗಳ ನಡುವೆ ಆಕೆ ತನಗೆ ತಾನೇ ಆವರಣ ಚಿಹ್ನೆಗಳೊಳಗೆ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾಳೆ. ಆ ಪ್ರಶ್ನೆಗಳನ್ನು ನಾನು ಒಂದೊಂದಾಗಿ ನಕಲು ಮಾಡಿಕೊಂಡು ಪರಿಶೀಲಿಸಿದೆ. ಅವು ಓದುಗರನ್ನು ನಗಿಸಲೆಂದು ಕೇಳಿದ ಪ್ರಶ್ನೆಗಳಂತೆ ಕಾಣುವುದೇ ಇಲ್ಲ; ಆಕೆಗೆ ನಿಜವಾಗಿಯೂ ಉತ್ತರ ಬೇಕಾಗಿರುತ್ತದೆ. ಹೂ ಅರಳಬೇಕು, ಮಕ್ಕಳು ಚೆನ್ನಾಗಿ ಬೆಳೆಯಬೇಕು, ನಾಲ್ಕು ಜನರ ಎದುರು ಮರ್ಯಾದೆ ಉಳಿಯಬೇಕು ಎಂಬ ಹಂಬಲ ಪ್ರತಿ ಸಾಲಿನ ಅಡಿಯಲ್ಲೂ ಹರಿಯುತ್ತದೆ.

ಆ್ಯಲಿಸನ್ ಪಿಯರ್ಸನ್ ಅವರ ‘ಐ ಡೋಂಟ್ ನೋ ಹೌ ಶಿ ಡಸ್ ಇಟ್’ (2002) ಬೇರೆ ಕಾಲದ, ಬೇರೆ ಬಿರುಸಿನ ಕಾದಂಬರಿ. ಹಣಕಾಸು ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿರುವ ಕೇಟ್ ರೆಡ್ಡಿ, ರಾತ್ರಿ 1 ಗಂಟೆ 37 ನಿಮಿಷಕ್ಕೆ ಅಡುಗೆಮನೆಯಲ್ಲಿ ನಿಂತು, ಮಗಳ ಶಾಲೆಯ ಕ್ರಿಸ್ಮಸ್ ಕಾರ್ಯಕ್ರಮಕ್ಕೆಂದು ಅಂಗಡಿಯಿಂದ ತಂದ ‘ಪೈ’ ಎಂಬ ಸಿಹಿತಿನಿಸುಗಳನ್ನು, ಮನೆಯಲ್ಲೇ ಮಾಡಿದವುಗಳಂತೆ ತೋರಲೆಂದು ಜಜ್ಜುತ್ತಿರುತ್ತಾಳೆ. ಇಲ್ಲಿ ನನಗೆ ಮುಖ್ಯವೆನಿಸಿದ್ದು ಆ ಮೂವತ್ತೇಳು ನಿಮಿಷ. ‘ನಡುರಾತ್ರಿ’ ಎಂದು ಬರೆದಿದ್ದರೆ ಅದು ಕೇವಲ ದಣಿವಿನ ವರ್ಣನೆಯಾಗುತ್ತಿತ್ತು. ನಿಮಿಷದ ಲೆಕ್ಕ ಬಂದ ಕೂಡಲೇ, ಬೆಳಗ್ಗೆ ಏಳಲು ಇನ್ನೆಷ್ಟು ಹೊತ್ತು ಉಳಿದಿದೆಯೆಂದು ಅವಳೊಡನೆ ನಾವೂ ಎಣಿಸತೊಡಗುತ್ತೇವೆ.

ಎರಡನೆಯ ಕರಡನ್ನು ಈ ಎರಡು ಪಾಠಗಳ ಮೇಲೆ ಕಟ್ಟಿದೆ. ಅದರಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದ್ದು ಗಡಿಯಾರದ ಪ್ರಸಂಗ. ಮಗುವಿಗೆ ಜ್ವರ, ತಾಯಿಗೆ ತಪ್ಪಿಸಲಾಗದ ಫೋನ್ ಸಭೆ. “ಐದೇ ನಿಮಿಷ, ಪುಟ್ಟೀ” ಎಂದು ಹೇಳಿ ಅವಳು ಪಕ್ಕದ ಕೋಣೆಗೆ ಹೋಗುತ್ತಾಳೆ. ಗಡಿಯಾರ ನೋಡುವುದನ್ನು ಆ ವಾರವಷ್ಟೇ ಕಲಿತ ಮಗು ಹೊದಿಕೆ ಸುತ್ತಿಕೊಂಡು ಗೋಡೆಯ ಎದುರು ಕೂರುತ್ತದೆ. ಹೊತ್ತು ಮುಗಿದ ಕೂಡಲೇ ಕೋಣೆಗೆ ಬಂದು, ಸಭೆಯಲ್ಲಿದ್ದ ಎಲ್ಲರಿಗೂ ಕೇಳಿಸುವಂತೆ, “ಆಯ್ತು ಅಮ್ಮಾ, ನೀನು ಹೇಳಿದಷ್ಟು ಹೊತ್ತು ನಾನು ಅಳಲಿಲ್ಲ” ಎನ್ನುತ್ತದೆ. ಮೊದಲು ಬರೆದಾಗ ಇದಕ್ಕೆ ತಾಯಿಯ ಬಾಯಲ್ಲಿ ಒಂದು ಜಾಣ ಉತ್ತರ ಇಟ್ಟಿದ್ದೆ. ಗಟ್ಟಿಯಾಗಿ ಓದಿ ನೋಡಿದರೆ ಪ್ರಸಂಗ ಅಲ್ಲಿಗೇ ಕುಸಿಯುತ್ತಿತ್ತು. ಉತ್ತರವನ್ನು ತೆಗೆದುಹಾಕಿ, ಆ ಕಡೆಯ ಮೇಲಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಿದ್ದರೆ ಸಭೆ ಮುಗಿಯಿತು” ಎಂದು ಅಷ್ಟೇ ಗಂಭೀರವಾಗಿ ಹೇಳುವಂತೆ ಬದಲಿಸಿದೆ. ತಾಯಿ ಕೊಟ್ಟ ಮಾತು, ಮಗು ಉಳಿಸಿಕೊಂಡ ಮಾತು, ಅಧಿಕಾರಿಯ ಮಾತು, ಮೂರೂ ಪ್ರಾಮಾಣಿಕ. ಓದಿ ಹೇಳಿದಲ್ಲೆಲ್ಲ ಜನ ನಕ್ಕರು. ಹಾಗೆ ನಗುತ್ತಿದ್ದವರಲ್ಲಿ ಕೆಲವರು ಕಣ್ಣೊರೆಸಿಕೊಂಡಿದ್ದೂ ಉಂಟು.

ಮಕ್ಕಳ ಮಾತನ್ನು ಬರೆಯುವ ವಿಷಯದಲ್ಲಿ ನಾನು ಹಟಮಾರಿ. ತೊದಲನ್ನು ಅಕ್ಷರಗಳಲ್ಲಿ ಮೂಡಿಸುವುದನ್ನು ಸಂಪೂರ್ಣವಾಗಿ ಕೈಬಿಟ್ಟೆ. ಮಗುವಿನ ಉಚ್ಚಾರಣೆಯಲ್ಲಿ ಕಾಣುವ ಮುದ್ದು ಒಂದು ಪುಟದೊಳಗೆ ಹಳಸುತ್ತದೆ. ಮಗುವಿನ ತರ್ಕ ಮಾತ್ರ ಎಷ್ಟು ಸಲ ಓದಿದರೂ ಹೊಸದಾಗಿಯೇ ಇರುತ್ತದೆ, ಏಕೆಂದರೆ ನಾವು ಸಲೀಸಾಗಿ ಆಡಿ ಮರೆಯುವ ಮಾತನ್ನು ಅದು ಅಕ್ಷರಶಃ ನಂಬಿ ಕೊನೆಯವರೆಗೂ ಹಿಂಬಾಲಿಸುತ್ತದೆ. ಮಗಳು ಆಡಿದ ನೂರಾರು ಮಾತುಗಳನ್ನು ಫೋನಿನಲ್ಲಿ ದಾಖಲಿಸಿದ್ದರೂ ಕಾದಂಬರಿಯಲ್ಲಿ ಉಳಿದವು ಮೂರೇ. ಉಳಿದವನ್ನು ಕಲ್ಪಿಸಿದೆ, ಕಥೆಯ ಮಗುವಿಗೆ ಬೇರೆಯದೇ ಸ್ವಭಾವ ಕೊಟ್ಟೆ. ಜೊತೆಗೆ ಒಂದು ದೊಡ್ಡ ಹಾಳೆಯಲ್ಲಿ ಆ ಮಗುವಿನ ವಯಸ್ಸು, ಹಲ್ಲು, ಚಪ್ಪಲಿಯ ಅಳತೆ, ಬಳಸಬಲ್ಲ ವಾಕ್ಯಗಳ ಉದ್ದ ಇವುಗಳನ್ನು ತಿಂಗಳುವಾರು ಗುರುತಿಸಿಕೊಂಡೆ. ದೊಡ್ಡವರ ಪಾತ್ರಗಳು ಮುನ್ನೂರು ಪುಟ ಹಾಗೆಯೇ ಇರಬಲ್ಲವು, ಮಗು ಮೂರು ತಿಂಗಳಿಗೇ ಬೇರೆಯಾಗಿರುತ್ತದೆ.

ಪುಸ್ತಕದ ಕತ್ತಲೆಯ ಅಧ್ಯಾಯಕ್ಕೆ ಧೈರ್ಯ ಕೊಟ್ಟವರು ಶರ್ಲಿ ಜಾಕ್ಸನ್. 1948ರಲ್ಲಿ ‘ದ ಲಾಟರಿ’ ಎಂಬ ಭಯಾನಕ ಕಥೆ ಬರೆದ ಅದೇ ಲೇಖಕಿ, ತಮ್ಮ ಮನೆ ಮಕ್ಕಳ ಬಗ್ಗೆ 1953ರಲ್ಲಿ ‘ಲೈಫ್ ಅಮಂಗ್ ದ ಸ್ಯಾವೇಜಸ್’ ಎಂಬ ಪುಸ್ತಕ ತಂದರು. ಅದು ಕಾದಂಬರಿಯಲ್ಲ, ಆದರೂ ಈ ಕೆಲಸಕ್ಕೆ ಕೈಹಾಕುವವರು ಓದಲೇಬೇಕಾದ ಪುಸ್ತಕವೆಂದು ನಂಬಿದ್ದೇನೆ. ಹೆರಿಗೆಗೆಂದು ಆಸ್ಪತ್ರೆಗೆ ಹೋದ ಆಕೆಯನ್ನು ಗುಮಾಸ್ತೆ ಉದ್ಯೋಗವೇನೆಂದು ಕೇಳುತ್ತಾಳೆ. ಆಕೆ ‘ಲೇಖಕಿ’ ಎಂದರೆ, ‘ಗೃಹಿಣಿ ಎಂದು ಬರೆದುಕೊಳ್ಳುತ್ತೇನೆ’ ಎನ್ನುತ್ತಾಳೆ ಗುಮಾಸ್ತೆ. ಆ ಪುಟದಲ್ಲಿ ನಗುತ್ತಿರುವಾಗಲೇ ಎದೆಯೊಳಗೆ ಏನೋ ತಣ್ಣಗಾಗುತ್ತದೆ. ನನ್ನ ಕಾದಂಬರಿಯಲ್ಲಿ, ಹೆರಿಗೆಯ ನಂತರ ತಿಂಗಳುಗಟ್ಟಲೆ ಮಂಕು ಕವಿದ ದಿನಗಳನ್ನು ತಾಯಿ ನೆನೆಯುವ ಅಧ್ಯಾಯವೊಂದಿದೆ. ಹಾಸ್ಯ ಓದಲು ಬಂದವರು ಬೆಚ್ಚುತ್ತಾರೆಂದು ಅದನ್ನು ಕೈಬಿಡಲು ಸಲಹೆ ಬಂದಿತ್ತು. ನಾನು ಬಿಡಲಿಲ್ಲ. ಅದನ್ನು ಕೊನೆಯಿಂದ ತೆಗೆದು ಪುಸ್ತಕದ ಮೊದಲ ಮೂರನೇ ಒಂದು ಭಾಗದ ಅಂತ್ಯಕ್ಕೆ ತಂದೆ. ಪುಸ್ತಕದುದ್ದಕ್ಕೂ ಆಕೆ ಪ್ರತಿ ಬೆಳಗ್ಗೆ ಮಾಡಬೇಕಾದ ಕೆಲಸಗಳ ಉದ್ದನೆಯ ಪಟ್ಟಿ ಬರೆಯುತ್ತಾಳೆ. ಆ ಅಧ್ಯಾಯದ ಪಟ್ಟಿಯಲ್ಲಿ ಇರುವುದು ‘ಏಳುವುದು’ ಎಂಬ ಒಂದೇ ಪದ. ಅದನ್ನು ಓದಿದವರಿಗೆ ಮುಂದೆ ಬರುವ ಹದಿನಾರು ಸಾಲಿನ ಪಟ್ಟಿ ನಗೆಯ ಜೊತೆಗೆ ನೆಮ್ಮದಿಯನ್ನೂ ತರುತ್ತದೆ.

ತಾಯಿಗೆ ಹೆಸರಿಡುವ ವಿಷಯವೂ ಬಹುಕಾಲ ಕಾಡಿತು. ಡೆಲಫೀಲ್ಡ್ ಅವರ ನಾಯಕಿಯ ಹೆಸರು ನಮಗೆ ತಿಳಿಯುವುದಿಲ್ಲ. ತಾನು ನಾಯಿಯಾಗಿ ಮಾರ್ಪಡುತ್ತಿದ್ದೇನೆಂದು ಭಾವಿಸುವ ತಾಯಿಯ ಕಥೆಯಾದ ರೇಚಲ್ ಯೋಡರ್ ಅವರ ‘ನೈಟ್‌ಬಿಚ್’ (2021) ಕಾದಂಬರಿಯಲ್ಲೂ ನಾಯಕಿಯ ನಿಜನಾಮ ಬರುವುದಿಲ್ಲ. ಸುಮಾರು ತೊಂಬತ್ತು ವರ್ಷಗಳ ಅಂತರದಲ್ಲಿ ಇಬ್ಬರು ಲೇಖಕಿಯರು ಅದೇ ದಾರಿ ಹಿಡಿದದ್ದು ನನ್ನನ್ನು ಬಹಳವಾಗಿ ಕಲಕಿತು. ನಾನು ಹೆಸರನ್ನು ಒಂದೇ ಕಡೆ ಇಟ್ಟೆ: ಇನ್ನೂರನೆಯ ಪುಟದ ಆಸುಪಾಸಿನಲ್ಲಿ ಹಳೆಯ ಸಹಪಾಠಿಯೊಬ್ಬಳು ಫೋನ್ ಮಾಡಿ ಅವಳನ್ನು ಹೆಸರು ಹಿಡಿದು ಕರೆಯುತ್ತಾಳೆ, ಯಾರನ್ನು ಕೇಳುತ್ತಿದ್ದಾರೆಂದು ತಾಯಿಗೆ ಅರೆಕ್ಷಣ ಹೊಳೆಯುವುದಿಲ್ಲ.

ಅಚ್ಚಿಗೆ ಕೊಡುವ ಮೊದಲು, ಮಗಳಿಗೆ ಸಂಬಂಧಿಸಿದ ಭಾಗಗಳನ್ನೆಲ್ಲ ಅವಳಿಗೇ ಓದಿ ಹೇಳಿದೆ. ತಾನು ಹಾಸಿಗೆಯಲ್ಲಿ ಭಯಪಟ್ಟ ರಾತ್ರಿಯ ಪ್ರಸಂಗ ಬೇಡವೆಂದಳು. ನನ್ನ ಬರವಣಿಗೆಯಲ್ಲಿ ನನಗೆ ಬಹಳ ಪ್ರಿಯವಾಗಿದ್ದ ನಾಲ್ಕು ಪುಟಗಳವು. ಅವುಗಳನ್ನು ತೆಗೆದೆ, ಬದಲಿಗೆ ಏನನ್ನೂ ಸೇರಿಸಲಿಲ್ಲ. ಗಡಿಯಾರದ ಪ್ರಸಂಗ ಬಂದಾಗ ಬಹಳ ಹೊತ್ತು ಯೋಚಿಸಿ, “ನೀನು ಹೇಳಿದ್ದು ಏಳು ನಿಮಿಷ ಅಮ್ಮಾ, ಐದಲ್ಲ” ಎಂದಳು. ಅಚ್ಚಾದ ಪುಸ್ತಕದಲ್ಲಿ ಅದು ಏಳು ನಿಮಿಷವೆಂದೇ ಇದೆ.