ಚದುರಿದ ರಿಕ್ವೈರ್‌ಮೆಂಟ್ಸ್ ಫೈಲ್‌ಗಳನ್ನು ಒಂದಾಗಿಸುವುದು ಹೇಗೆ?

ಪೈಥಾನ್ ಪ್ರಾಜೆಕ್ಟೊಂದು ಎರಡು-ಮೂರು ವರ್ಷ ನಡೆದರೆ ಸಾಕು, ಅದರ ಡಿಪೆಂಡೆನ್ಸಿ ಪಟ್ಟಿ, ಅಂದರೆ ಅದು ಓಡಲು ಬೇಕಾದ ಹೊರಗಿನ ಪ್ಯಾಕೇಜ್‌ಗಳ ಪಟ್ಟಿ, ನಾಲ್ಕಾರು ಕಡೆ ಚದುರಿಹೋಗಿರುತ್ತದೆ. ವೆಬ್ ಸರ್ವರಿಗೆ ಈ ಹೆಸರುಗಳನ್ನು ಸಾಲಾಗಿ ಬರೆದಿಟ್ಟ ಒಂದು ರಿಕ್ವೈರ್‌ಮೆಂಟ್ಸ್ ಫೈಲ್, ಹಿನ್ನೆಲೆಯಲ್ಲಿ ಓಡುವ ವರ್ಕರಿಗೆ ಇನ್ನೊಂದು, ಟೆಸ್ಟಿಗೆ ಮತ್ತೊಂದು, ಡಾಕರ್‌ಫೈಲಿನೊಳಗೇ ಬರೆದುಬಿಟ್ಟ ಎರಡು ಸಾಲು, ಹಳೆಯ ಸೆಟಪ್.ಪೈ ಒಳಗೆ ಮರೆತುಹೋದ ಪಟ್ಟಿ. ಇವನ್ನೆಲ್ಲ ಒಂದರ ಕೆಳಗೊಂದು ಅಂಟಿಸಿ, ಅಕಾರಾದಿಯಾಗಿ ಜೋಡಿಸಿ, ಎರಡು ಸಲ ಬಂದ ಹೆಸರನ್ನು ಅಳಿಸಿಬಿಟ್ಟರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಹಾಗೆ ಮಾಡಿದ ಫೈಲ್ ಇನ್‌ಸ್ಟಾಲ್ ಆದರೂ ಆಗಬಹುದು. ಆದರೆ ಅದರಲ್ಲಿರುವ ಯಾವ ಸಾಲು ಏಕೆ ಇದೆ ಎಂದು ಆಮೇಲೆ ಯಾರಿಗೂ ಹೇಳಲಾಗದು.

ಇಡೀ ಕೆಲಸ ನಿಂತಿರುವುದು ಒಂದು ಶಿಸ್ತಿನ ಮೇಲೆ. ಫೈಲ್‌ಗಳನ್ನು ಒಂದಾಗಿಸುವುದು ಒಂದು ಕೆಲಸ, ಪ್ಯಾಕೇಜ್‌ಗಳ ಆವೃತ್ತಿ ಏರಿಸುವುದು ಬೇರೆಯೇ ಕೆಲಸ. ಎರಡನ್ನೂ ಒಂದೇ ದಿನ, ಒಂದೇ ಕಮಿಟ್‌ನಲ್ಲಿ ಮಾಡಿದರೆ, ನಾಳೆ ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಹುಡುಕುತ್ತ ಕೂರಬೇಕಾಗುತ್ತದೆ.

ಮೊದಲು ಪ್ರೊಡಕ್ಷನ್‌ನಿಂದ ಪಟ್ಟಿ ತನ್ನಿ

ಫೈಲಿನಲ್ಲಿ ಬರೆದದ್ದಕ್ಕೂ ಸರ್ವರಿನಲ್ಲಿ ನಿಜಕ್ಕೂ ಓಡುತ್ತಿರುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಪ್ರೊಡಕ್ಷನ್ ಇಮೇಜಿನೊಳಗೆ (ಬಳಕೆದಾರರಿಗಾಗಿ ಓಡುತ್ತಿರುವ ಡಾಕರ್ ಕಟ್ಟು) 'ಪಿಪ್ ಫ್ರೀಜ್' ಓಡಿಸಿ. ಪಿಪ್ ಎಂದರೆ ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಸಾಧನ, ಅದರ ಫ್ರೀಜ್ ಆದೇಶ ಇನ್‌ಸ್ಟಾಲ್ ಆಗಿರುವ ಪ್ಯಾಕೇಜ್‌ಗಳನ್ನು ಆವೃತ್ತಿ ಸಮೇತ ಪಟ್ಟಿ ಮಾಡುತ್ತದೆ. ಬಂದದ್ದನ್ನು ಹಾಗೆಯೇ ಒಂದು ಫೈಲಿಗೆ ಉಳಿಸಿ. ವೆಬ್ ಮತ್ತು ವರ್ಕರ್ ಬೇರೆ ಬೇರೆ ಇಮೇಜ್ ಆಗಿದ್ದರೆ ಎರಡರಿಂದಲೂ ತೆಗೆದುಕೊಳ್ಳಿ. ಅಲ್ಲಿನ ಪೈಥಾನ್ ಆವೃತ್ತಿಯನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಅದು ಬೇಕು.

ನಿಮ್ಮ ಲ್ಯಾಪ್‌ಟಾಪಿನಿಂದ ಫ್ರೀಜ್ ತೆಗೆಯುವ ಆಸೆ ಬೇಡ. ಅದರಲ್ಲಿ ಎಂದೋ ಪ್ರಯೋಗಕ್ಕೆ ಹಾಕಿದ ಪ್ಯಾಕೇಜ್‌ಗಳೂ ಸೇರಿಕೊಂಡಿರುತ್ತವೆ. ಕೋಂಡಾ ಎಂಬ ಇನ್ನೊಂದು ಪ್ಯಾಕೇಜ್ ಸಾಧನದ ಪರಿಸರದಲ್ಲಿ ಓಡಿಸಿದರೆ ಆವೃತ್ತಿಯ ಜಾಗದಲ್ಲಿ '@' ಚಿಹ್ನೆಯ ನಂತರ ಫೈಲ್ ಹಾದಿ ಬರುವುದೂ ಉಂಟು. ಆ ಹಾದಿ ಬೇರೆಯವರ ಯಂತ್ರದಲ್ಲಿ ಇರುವುದೇ ಇಲ್ಲ.

ಆಮೇಲೆ ಇಡೀ ಪ್ರಾಜೆಕ್ಟಿನಲ್ಲಿ 'ಪಿಪ್ ಇನ್‌ಸ್ಟಾಲ್' ಎಂಬ ಪದಗಳನ್ನು ಹುಡುಕಿ. ಡಾಕರ್‌ಫೈಲ್, ಸಿಐ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ನಡೆಸುವ ಯಾಮಲ್ ಫೈಲ್, ಟೆಸ್ಟ್ ಸಾಧನ ಟಾಕ್ಸ್‌ನ ಫೈಲ್, ರೀಡ್‌ಮಿ, ಜುಪಿಟರ್ ನೋಟ್‌ಬುಕ್, ಹೀಗೆ ಡಿಪೆಂಡೆನ್ಸಿ ಅಡಗಿ ಕೂರುವ ಜಾಗಗಳೆಲ್ಲ ಆಗ ಹೊರಬೀಳುತ್ತವೆ.

ನೇರವಾಗಿ ಬೇಕಾದದ್ದು ಯಾವುದು, ಬೆನ್ನಿಗೆ ಬಂದದ್ದು ಯಾವುದು

ಹೆಚ್ಚು ಹೊತ್ತು ಹಿಡಿಯುವ ಕೆಲಸ ಇದೇ, ಅವಸರ ಮಾಡಬಾರದ ಕೆಲಸವೂ ಇದೇ. ಫ್ರೀಜ್ ಪಟ್ಟಿಯಲ್ಲಿ ನೂರು ಸಾಲಿದ್ದರೆ ಅದರಲ್ಲಿ ನಿಮ್ಮ ಕೋಡ್ ನೇರವಾಗಿ ಬಳಸುವುದು ಇಪ್ಪತ್ತೋ ಮೂವತ್ತೋ ಇರಬಹುದು. ಉಳಿದವು ಆ ಪ್ಯಾಕೇಜ್‌ಗಳ ಬೆನ್ನು ಹಿಡಿದು ಬಂದವು. ಕೈಯಲ್ಲಿ ಬರೆಯುವ ಪಟ್ಟಿಯಲ್ಲಿ ನೇರವಾದವು ಮಾತ್ರ ಇರಬೇಕು.

'ಪಿಪ್ ಲಿಸ್ಟ್' ಆದೇಶಕ್ಕೆ 'ನಾಟ್-ರಿಕ್ವೈರ್ಡ್' ಎಂಬ ಆಯ್ಕೆ ಕೊಟ್ಟರೆ, ಬೇರೆ ಯಾವ ಪ್ಯಾಕೇಜಿಗೂ ಬೇಡದ, ಮೇಲ್ತುದಿಯಲ್ಲಿರುವ ಹೆಸರುಗಳಷ್ಟೇ ಬರುತ್ತವೆ. ಶುರುವಿಗೆ ಇದು ಸಾಕು, ಪೂರ್ತಿ ನಂಬುವಂತಿಲ್ಲ. ನಿಮ್ಮ ಕೋಡ್ 'ರಿಕ್ವೆಸ್ಟ್ಸ್' ಅನ್ನು ನೇರವಾಗಿ ಇಂಪೋರ್ಟ್ ಮಾಡುತ್ತಿದ್ದು, ಇನ್ನೊಂದು ಪ್ಯಾಕೇಜಿಗೂ ಅದು ಬೇಕಾಗಿದ್ದರೆ ಈ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಕೋಡಿನ ಇಂಪೋರ್ಟ್ ಸಾಲುಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ಇಂಪೋರ್ಟ್ ಹೆಸರೂ ಪ್ಯಾಕೇಜ್ ಹೆಸರೂ ಒಂದೇ ಆಗಿರಬೇಕಿಲ್ಲ: 'ಯಾಮಲ್' ಬರುವುದು ಪೈಯಾಮಲ್ ಪ್ಯಾಕೇಜಿನಿಂದ, 'ಪಿಐಎಲ್' ಬರುವುದು ಪಿಲ್ಲೋದಿಂದ, 'ಸಿವಿ2' ಬರುವುದು ಓಪನ್‌ಸಿವಿ-ಪೈಥಾನ್‌ನಿಂದ, 'ಎಸ್‌ಕೆಲರ್ನ್' ಬರುವುದು ಸೈಕಿಟ್-ಲರ್ನ್‌ನಿಂದ.

ಇಂಪೋರ್ಟ್ ಸಾಲೇ ಇಲ್ಲದೆ ಬೇಕಾಗುವವೂ ಇವೆ. ವೆಬ್ ಸರ್ವರ್ ಆದ ಗುನಿಕಾರ್ನ್ ಅನ್ನು ಆದೇಶದ ಸಾಲಿನಿಂದ ಓಡಿಸುತ್ತೇವೆ. ಪೋಸ್ಟ್‌ಗ್ರೆಸ್ ಡ್ರೈವರ್ ಸೈಕಾಪಿಜಿ2 ಅನ್ನು ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ ತಾನೇ ಎತ್ತಿಕೊಳ್ಳುತ್ತದೆ. ವೈಟ್‌ನಾಯ್ಸ್‌ನಂಥದ್ದು ಸೆಟ್ಟಿಂಗ್ಸ್ ಫೈಲಿನಲ್ಲಿ ಬರೀ ಒಂದು ಸ್ಟ್ರಿಂಗ್ ಆಗಿ ಕೂತಿರುತ್ತದೆ. ಇಂಪೋರ್ಟ್ ಇಲ್ಲ ಎಂದು ಇವನ್ನು ತೆಗೆದರೆ ಟೆಸ್ಟ್ ಪಾಸಾಗಿ ಸರ್ವರ್ ಬೀಳುತ್ತದೆ.

ಹೆಸರು ಹೋಲಿಸುವಾಗ ಇಂಗ್ಲಿಷ್ ಅಕ್ಷರ ದೊಡ್ಡದೋ ಚಿಕ್ಕದೋ, ನಡುವೆ ಇರುವುದು ಅಡ್ಡಗೆರೆಯೋ ಅಡಿಗೆರೆಯೋ ಚುಕ್ಕಿಯೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಪೈಪಿಐ ನಿಯಮದಲ್ಲಿ ಇವೆಲ್ಲ ಒಂದೇ ಹೆಸರು. ಎಲ್ಲವನ್ನೂ ಚಿಕ್ಕ ಅಕ್ಷರಕ್ಕೆ, ಎಲ್ಲ ಗೆರೆಯನ್ನೂ ಚುಕ್ಕಿಯನ್ನೂ ಅಡ್ಡಗೆರೆಗೆ ತಂದಮೇಲೆ ಹೋಲಿಸಿ. ಇಲ್ಲದಿದ್ದರೆ ಒಂದೇ ಪ್ಯಾಕೇಜ್ ಎರಡು ಹೆಸರಿನಲ್ಲಿ ಉಳಿದುಬಿಡುತ್ತದೆ.

ಇನ್ ಫೈಲ್ ಬರೆಯುವುದು

ಇಲ್ಲಿಂದ ಪಿಪ್-ಟೂಲ್ಸ್ ಬಳಸೋಣ. ನೇರ ಡಿಪೆಂಡೆನ್ಸಿಗಳನ್ನು ಕೊಟ್ಟರೆ ಆವೃತ್ತಿ ಸಮೇತ ಪೂರ್ತಿ ಪಟ್ಟಿ ಮಾಡಿಕೊಡುವ ಸಾಧನ ಇದು, ಅದರ ಆದೇಶದ ಹೆಸರು ಪಿಪ್-ಕಂಪೈಲ್. ಇದರಲ್ಲಿ ಎರಡು ಬಗೆಯ ಫೈಲ್ ಇರುತ್ತವೆ. 'ಇನ್' ಎಂದು ಕೊನೆಯಾಗುವುದನ್ನು ನಾವು ಬರೆಯುತ್ತೇವೆ, 'ಟಿಎಕ್ಸ್‌ಟಿ' ಎಂದು ಕೊನೆಯಾಗುವುದನ್ನು ಪಿಪ್-ಕಂಪೈಲ್ ಬರೆಯುತ್ತದೆ. ಬೇಸ್.ಇನ್ ಒಳಗೆ ನೇರ ಡಿಪೆಂಡೆನ್ಸಿಗಳನ್ನು ಬರೆಯಿರಿ. ಕಾರಣ ಗೊತ್ತಿದ್ದರೆ ಮಾತ್ರ ಆವೃತ್ತಿಯ ಮಿತಿ ಹಾಕಿ, ಕಾರಣವನ್ನು ಪಕ್ಕದಲ್ಲೇ ಕಾಮೆಂಟ್ ಆಗಿ ಬರೆಯಿರಿ. ಉದಾಹರಣೆಗೆ 2024ರ ಜೂನ್‌ನಲ್ಲಿ ಬಂದ ನಂಪೈ 2.0ರ ಜತೆ, 1.x ಮೇಲೆ ಕಂಪೈಲ್ ಆದ ಹಳೆಯ ಮಾಡ್ಯೂಲ್‌ಗಳು ಓಡುವುದಿಲ್ಲ. ಅಂಥ ಮಾಡ್ಯೂಲ್ ಪ್ರಾಜೆಕ್ಟಿನಲ್ಲಿದ್ದರೆ 'ನಂಪೈ<2' ಎಂಬ ಸಾಲಿಗೆ ಅರ್ಥವಿದೆ.

ಒಂದೇ ಪ್ಯಾಕೇಜಿಗೆ ಎರಡು ಫೈಲಿನಲ್ಲಿ ಎರಡು ಮಿತಿ ಇದ್ದರೆ ಎರಡನ್ನೂ ಅಲ್ಪವಿರಾಮ ಹಾಕಿ ಸೇರಿಸಿ. ಅಲ್ಲಿ ಅಲ್ಪವಿರಾಮಕ್ಕೆ 'ಎರಡೂ ನಿಜವಾಗಿರಬೇಕು' ಎಂದು ಅರ್ಥ. '~=' ಚಿಹ್ನೆಯ ಬಗ್ಗೆ ಎಚ್ಚರವಿರಲಿ: '~=2.2' ಎಂದರೆ 2.2ರಿಂದ 3ರ ಒಳಗಿನ ಯಾವುದಾದರೂ ಸರಿ, '~=2.2.1' ಎಂದರೆ 2.2.1ರಿಂದ 2.3ರ ಒಳಗೆ ಮಾತ್ರ. ಒಂದು ಅಂಕಿ ಹೆಚ್ಚಾದರೆ ಮಿತಿಯೇ ಬದಲಾಗುತ್ತದೆ.

ಅರ್ಧವಿರಾಮದ ನಂತರ ಬರುವ ಷರತ್ತುಗಳನ್ನು ಅಳಿಸಬೇಡಿ. ಟಾಮ್ಲಿ ಪ್ಯಾಕೇಜಿನ ಮುಂದೆ 'ಪೈಥಾನ್ 3.11ಕ್ಕಿಂತ ಹಳೆಯದಾದರೆ' ಎಂಬ ಷರತ್ತು ಇರುವುದಕ್ಕೆ ಕಾರಣವಿದೆ: 3.11ರಿಂದ ಅದೇ ಕೆಲಸದ ಟಾಮ್ಲ್‌ಲಿಬ್ ಪೈಥಾನಿನೊಳಗೇ ಬರುತ್ತದೆ.

ಹಳೆಯ ಆವೃತ್ತಿಗಳನ್ನೇ ಉಳಿಸಿಕೊಳ್ಳಿ

ಬರೀ ಬೇಸ್.ಇನ್ ಕೊಟ್ಟು ಪಿಪ್-ಕಂಪೈಲ್ ಓಡಿಸಿದರೆ ಬೆನ್ನಿಗೆ ಬರುವ ಪ್ಯಾಕೇಜ್‌ಗಳೆಲ್ಲ ಇವತ್ತಿನ ಹೊಸ ಆವೃತ್ತಿಗೆ ಹಾರುತ್ತವೆ. ಇದರಿಂದ ಏನಾಗುತ್ತದೆ ಎಂಬುದಕ್ಕೆ ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್ 2.2ರ ಕತೆ ನೋಡಿ. ಅದು ವರ್ಕ್‌ಜಾಯ್ಗ್ ಪ್ಯಾಕೇಜಿಗೆ ಕೆಳಗಿನ ಮಿತಿ ಹಾಕಿತ್ತು, ಮೇಲಿನ ಮಿತಿ ಹಾಕಿರಲಿಲ್ಲ. 2023ರ ಸೆಪ್ಟೆಂಬರ್ ಕೊನೆಗೆ ವರ್ಕ್‌ಜಾಯ್ಗ್ 3.0 ಬಂದಾಗ ಫ್ಲಾಸ್ಕ್ ಬಳಸುತ್ತಿದ್ದ 'ಯುಆರ್‌ಎಲ್_ಕೋಟ್' ಎಂಬ ಫಂಕ್ಷನ್ ಅದರಲ್ಲಿ ಇರಲಿಲ್ಲ. ಫ್ಲಾಸ್ಕ್ ಅನ್ನಷ್ಟೇ ಲಾಕ್ ಮಾಡಿ ವರ್ಕ್‌ಜಾಯ್ಗ್ ಅನ್ನು ಬಿಟ್ಟಿದ್ದ ಪ್ರಾಜೆಕ್ಟ್‌ಗಳು ಹೊಸದಾಗಿ ಇನ್‌ಸ್ಟಾಲ್ ಮಾಡಿದೊಡನೆ ಇಂಪೋರ್ಟ್ ದೋಷ ತೋರಿಸಿದವು. ಪಿಪ್‌ನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ತಪ್ಪಿಸಲು ಸುಲಭ ಉಪಾಯವಿದೆ. ಮೊದಲ ಹಂತದಲ್ಲಿ ಉಳಿಸಿದ ಫ್ರೀಜ್ ಪಟ್ಟಿಯನ್ನು ಬೇಸ್.ಟಿಎಕ್ಸ್‌ಟಿ ಎಂಬ ಹೆಸರಿಗೆ ನಕಲು ಮಾಡಿ, ಆಮೇಲೆ ಪಿಪ್-ಕಂಪೈಲ್ ಓಡಿಸಿ. ಔಟ್‌ಪುಟ್ ಫೈಲ್ ಮೊದಲೇ ಇದ್ದರೆ ಅದರೊಳಗಿನ ಆವೃತ್ತಿಗಳನ್ನು ಪಿಪ್-ಕಂಪೈಲ್ ಸಾಧ್ಯವಾದಷ್ಟೂ ಹಾಗೆಯೇ ಇಟ್ಟುಕೊಳ್ಳುತ್ತದೆ. 'ಅಪ್‌ಗ್ರೇಡ್' ಎಂದು ಕೇಳಿದರೆ ಮಾತ್ರ ಏರಿಸುತ್ತದೆ. ಬಂದ ಫೈಲಿನಲ್ಲಿ ಪ್ರತಿ ಪ್ಯಾಕೇಜಿನ ಕೆಳಗೆ 'ವಯಾ' ಎಂಬ ಕಾಮೆಂಟ್ ಇರುತ್ತದೆ: ಇದನ್ನು ಕರೆತಂದವರು ಯಾರು ಎಂಬ ವಿವರ. ಯಾರಿಗೂ ಬೇಡವಾದ ಹಳೆಯ ಸಾಲುಗಳು ತಾವಾಗಿಯೇ ಉದುರಿಹೋಗುತ್ತವೆ.

ಪಿಪ್-ಕಂಪೈಲ್ ಅನ್ನು ಪ್ರೊಡಕ್ಷನ್‌ನ ಪೈಥಾನ್ ಆವೃತ್ತಿಯಲ್ಲೇ, ಅದೇ ಆಪರೇಟಿಂಗ್ ಸಿಸ್ಟಂನಲ್ಲೇ ಓಡಿಸಿ. ಕ್ಲಿಕ್ ಪ್ಯಾಕೇಜ್ ಕೊಲೊರಾಮಾವನ್ನು ಕರೆತರುವುದು ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸ್‌ನಲ್ಲಿ ಮಾಡಿದ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಜಗಳ ಬಿದ್ದಾಗ

ಹಳೆಯ ವ್ಯವಸ್ಥೆಯಲ್ಲಿ ಬಚ್ಚಿಟ್ಟಿದ್ದ ಜಗಳಗಳು ಈಗ ಬಯಲಿಗೆ ಬರುತ್ತವೆ. ವೆಬ್ ಫೈಲಿನಲ್ಲಿ 'ರಿಕ್ವೆಸ್ಟ್ಸ್==2.28.2', ವರ್ಕರ್ ಫೈಲಿನಲ್ಲಿ 'ಯುಆರ್‌ಎಲ್‌ಲಿಬ್3==2.0.7' ಇದೆ ಎನ್ನಿ. ಮೊದಲನೆಯದಕ್ಕೆ ಯುಆರ್‌ಎಲ್‌ಲಿಬ್3 1.27ಕ್ಕಿಂತ ಕೆಳಗೇ ಇರಬೇಕು. ಎರಡು ಫೈಲ್‌ಗಳನ್ನು ಒಂದಾದ ಮೇಲೊಂದು ಇನ್‌ಸ್ಟಾಲ್ ಮಾಡಿದಾಗ ಪಿಪ್ ಕೆಂಪಕ್ಷರದಲ್ಲಿ ಎಚ್ಚರಿಕೆ ಕೊಟ್ಟರೂ ಯಶಸ್ಸಿನ ಸಂಕೇತವಾದ 0 ಯನ್ನೇ ಹಿಂದಿರುಗಿಸುತ್ತದೆ. ಹಾಗಾಗಿ ಸಿಐ ನಿಲ್ಲುವುದಿಲ್ಲ, ಯಾರೂ ನೋಡುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟರೆ, 2020ರ ನವೆಂಬರ್‌ನ ಪಿಪ್ 20.3ರಿಂದ ಬಂದ ಹೊಸ ರಿಸಾಲ್ವರ್ (ಎಲ್ಲ ಮಿತಿಗಳಿಗೂ ಒಪ್ಪುವ ಆವೃತ್ತಿಗಳನ್ನು ಹುಡುಕುವ ಭಾಗ) ಅಲ್ಲೇ ತಡೆಯುತ್ತದೆ.

ಆಗ ಎರಡೇ ದಾರಿ: ಯುಆರ್‌ಎಲ್‌ಲಿಬ್3 ಅನ್ನು 1.26ಕ್ಕೆ ಇಳಿಸುವುದು, ಇಲ್ಲವೇ ರಿಕ್ವೆಸ್ಟ್ಸ್ ಅನ್ನು 2.30.0 ಅಥವಾ ಅದರಾಚೆಗೆ ಏರಿಸುವುದು. ವರ್ಕರಿಗೆ ಹೊಸ ಯುಆರ್‌ಎಲ್‌ಲಿಬ್3 ನಿಜಕ್ಕೂ ಬೇಕೇ ಎಂದು ಗಿಟ್ ಇತಿಹಾಸದಲ್ಲಿ ನೋಡಿ ನಿರ್ಧರಿಸಿ. ಈ ಒಂದು ಬದಲಾವಣೆಯನ್ನು ಪ್ರತ್ಯೇಕ ಕಮಿಟ್ ಮಾಡಿ, ಕಾರಣ ಬರೆಯಿರಿ.

ರಿಸಾಲ್ವರ್ ಕಣ್ಣಿಗೆ ಬೀಳದ ಜಗಳಗಳೂ ಇವೆ, ಅವೇ ಹೆಚ್ಚು ಕಾಡುವುದು. ಒಂದು ಫೈಲಿನಲ್ಲಿ ಓಪನ್‌ಸಿವಿ-ಪೈಥಾನ್, ಇನ್ನೊಂದರಲ್ಲಿ ಓಪನ್‌ಸಿವಿ-ಪೈಥಾನ್-ಹೆಡ್‌ಲೆಸ್ ಇದ್ದರೆ ಪಿಪ್‌ಗೆ ಅವು ಬೇರೆ ಬೇರೆ ಪ್ಯಾಕೇಜ್. ಆದರೆ ಎರಡೂ ಬರೆಯುವುದು ಒಂದೇ 'ಸಿವಿ2' ಫೋಲ್ಡರಿಗೆ. ಒಂದರ ಮೇಲೊಂದು ಬರೆದುಕೊಳ್ಳುತ್ತವೆ, ಒಂದನ್ನು ತೆಗೆದರೆ ಇನ್ನೊಂದರ ಫೈಲ್‌ಗಳೂ ಹೋಗುತ್ತವೆ. ಸೈಕಾಪಿಜಿ2 ಮತ್ತು ಸೈಕಾಪಿಜಿ2-ಬೈನರಿ ಕೂಡ ಇಂಥದೇ ಜೋಡಿ. ಪರದೆಯೇ ಇಲ್ಲದ ಸರ್ವರಿಗೆ ಹೆಡ್‌ಲೆಸ್ ಒಂದನ್ನೇ ಉಳಿಸಿಕೊಳ್ಳಿ.

ಒಂದು ಫೈಲಿನಲ್ಲಿ ಹ್ಯಾಶ್ (ಡೌನ್‌ಲೋಡ್ ಆದ ಪ್ಯಾಕೇಜ್ ಅಸಲಿಯೇ ಎಂದು ಪರೀಕ್ಷಿಸುವ ಗುರುತು) ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕೈಯಿಂದ ಅಂಟಿಸಿದ ಪಟ್ಟಿ ಇನ್‌ಸ್ಟಾಲ್ ಆಗುವುದೇ ಇಲ್ಲ. ಒಂದು ಸಾಲಿನಲ್ಲಿ ಹ್ಯಾಶ್ ಕಂಡರೂ ಪಿಪ್ ಎಲ್ಲ ಸಾಲಿಗೂ ಅದನ್ನು ಕೇಳುತ್ತದೆ. ಪಿಪ್-ಕಂಪೈಲ್‌ಗೆ 'ಜನರೇಟ್-ಹ್ಯಾಶಸ್' ಆಯ್ಕೆ ಕೊಟ್ಟು ಎಲ್ಲಕ್ಕೂ ಹಾಕಿಸಿ.

ಇನ್ನು ಇಂಡೆಕ್ಸ್ ಸಾಲು, ಅಂದರೆ ಪ್ಯಾಕೇಜ್‌ಗಳನ್ನು ಯಾವ ಸರ್ವರಿನಿಂದ ತರಬೇಕು ಎಂದು ಹೇಳುವ ಸಾಲು. ವರ್ಕರ್ ಫೈಲಿನ ತಲೆಯಲ್ಲಿ 'ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್' ಇದ್ದು, ಅದು ಕಂಪನಿಯೊಳಗಿನ ಪ್ಯಾಕೇಜ್ ಸರ್ವರನ್ನು ತೋರಿಸುತ್ತಿದ್ದರೆ, ಒಂದಾಗಿಸಿದ ಮೇಲೆ ಅದು ಎಲ್ಲ ಪ್ಯಾಕೇಜಿಗೂ ಅನ್ವಯವಾಗುತ್ತದೆ. ಪಿಪ್ ಎರಡು ಇಂಡೆಕ್ಸ್‌ಗಳಲ್ಲಿ ಯಾವುದಕ್ಕೂ ಮೊದಲ ಮಣೆ ಹಾಕುವುದಿಲ್ಲ, ಎಲ್ಲಿ ದೊಡ್ಡ ಆವೃತ್ತಿ ಇದೆಯೋ ಅಲ್ಲಿಂದ ತರುತ್ತದೆ. ಒಳಗಿನ ಪ್ಯಾಕೇಜಿನ ಹೆಸರಿನಲ್ಲೇ ಹೊರಗಿನವರು ಪೈಪಿಐಗೆ ದೊಡ್ಡ ಆವೃತ್ತಿ ಹಾಕಿದರೆ ಬರುವುದು ಅವರದು. ಭದ್ರತಾ ಸಂಶೋಧಕ ಅಲೆಕ್ಸ್ ಬಿರ್ಸನ್ 2021ರ ಫೆಬ್ರುವರಿಯಲ್ಲಿ ಲೋಕಕ್ಕೆ ತೋರಿಸಿದ್ದು ಇದೇ ಬಿರುಕನ್ನು. ಪೈಪಿಐಯನ್ನೂ ತನ್ನ ಮೂಲಕವೇ ಕೊಡುವ, ಒಳಗಿನ ಹೆಸರುಗಳನ್ನು ಹೊರಗೆ ಹುಡುಕದ ಒಂದೇ ಪ್ರಾಕ್ಸಿ ಸರ್ವರನ್ನು 'ಇಂಡೆಕ್ಸ್-ಯುಆರ್‌ಎಲ್' ಆಗಿ ಕೊಡುವುದು ಸುರಕ್ಷಿತ.

ಟೆಸ್ಟ್ ಮತ್ತು ವರ್ಕರ್

ಎಲ್ಲವನ್ನೂ ಒಂದೇ ರಾಶಿ ಮಾಡುವುದು ಬೇಡ. ಟೆಸ್ಟ್ ಓಡಿಸುವ ಪೈಟೆಸ್ಟ್ ಪ್ರೊಡಕ್ಷನ್‌ಗೆ ಹೋಗುವ ಅಗತ್ಯವಿಲ್ಲ. ಟೆಸ್ಟ್.ಇನ್ ಎಂಬ ಚಿಕ್ಕ ಫೈಲ್ ಮಾಡಿ, ಮೊದಲ ಸಾಲಿನಲ್ಲಿ '-ಸಿ ಬೇಸ್.ಟಿಎಕ್ಸ್‌ಟಿ' ಎಂದು ಬರೆಯಿರಿ. ಹೀಗೆ ಕನ್‌ಸ್ಟ್ರೇಂಟ್ ಆಗಿ ಕೊಟ್ಟ ಫೈಲ್ ತಾನಾಗಿ ಏನನ್ನೂ ಇನ್‌ಸ್ಟಾಲ್ ಮಾಡಿಸುವುದಿಲ್ಲ, ಅದೇ ಪ್ಯಾಕೇಜ್ ಬಂದರೆ ಇದೇ ಆವೃತ್ತಿ ಇರಲಿ ಎಂದು ಹಿಡಿದಿಡುತ್ತದೆ ಅಷ್ಟೆ. ಕಂಪೈಲ್ ಮಾಡುವಾಗ ಮೊದಲು ಬೇಸ್, ಆಮೇಲೆ ಟೆಸ್ಟ್. ವರ್ಕರಿಗೆ ಟಾರ್ಚ್‌ನಂಥ ಭಾರಿ ಪ್ಯಾಕೇಜ್ ಬೇಕಿದ್ದರೆ ಅದಕ್ಕೂ ಹೀಗೆಯೇ ಪ್ರತ್ಯೇಕ ಫೈಲ್ ಇರಲಿ.

ಈ ಪಟ್ಟಿಗಳನ್ನು ಪ್ರಾಜೆಕ್ಟಿನ ಸಂರಚನಾ ಫೈಲ್ ಆದ ಪೈಪ್ರಾಜೆಕ್ಟ್.ಟಾಮ್ಲ್‌ಗೆ ಒಯ್ಯುವ ಯೋಚನೆ ಇದ್ದರೆ, ಟೆಸ್ಟ್ ಪ್ಯಾಕೇಜ್‌ಗಳನ್ನು 'ಡಿಪೆಂಡೆನ್ಸಿ-ಗ್ರೂಪ್ಸ್' ವಿಭಾಗಕ್ಕೆ ಹಾಕಿ. 'ಆಪ್ಷನಲ್-ಡಿಪೆಂಡೆನ್ಸೀಸ್'ಗೆ ಹಾಕಿದರೆ ನಿಮ್ಮ ಪ್ಯಾಕೇಜ್ ಪ್ರಕಟವಾದಾಗ ಅವೂ ಅದರ ವಿವರದೊಳಗೆ ಹೋಗುತ್ತವೆ. ಗ್ರೂಪ್‌ಗಳನ್ನು ಪಿಪ್ 25.1ರಿಂದ ನೇರವಾಗಿ ಬಳಸಬಹುದು.

ಒಪ್ಪಿಸುವ ಮುನ್ನ

ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ರಾಜೆಕ್ಟಿಗೆಂದೇ ಪ್ರತ್ಯೇಕವಾದ ಪೈಥಾನ್ ಪರಿಸರ) ಮಾಡಿ, ಹೊಸ ಪಟ್ಟಿಯಿಂದ ಇನ್‌ಸ್ಟಾಲ್ ಮಾಡಿ, 'ಪಿಪ್ ಚೆಕ್' ಓಡಿಸಿ. ಪಿಪ್ ಚೆಕ್ ನೋಡುವುದು ಪ್ಯಾಕೇಜ್‌ಗಳು ತಮ್ಮ ಬಗ್ಗೆ ಬರೆದುಕೊಂಡ ವಿವರವನ್ನು ಮಾತ್ರ. ವರ್ಕ್‌ಜಾಯ್ಗ್‌ನಂಥ ದೋಷ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಟೆಸ್ಟ್ ಓಡಿಸಿ, ವೆಬ್ ಸರ್ವರನ್ನೂ ವರ್ಕರನ್ನೂ ಒಮ್ಮೆ ನಿಜವಾಗಿ ಎಬ್ಬಿಸಿ ನೋಡಿ. ಪೈಥಾನ್ 3.12ರಿಂದ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಸೆಟಪ್‌ಟೂಲ್ಸ್ ತಾನಾಗಿ ಬರುವುದಿಲ್ಲ, ಅದನ್ನು ನೆಚ್ಚಿಕೊಂಡ ಹಳೆಯ ಪ್ಯಾಕೇಜ್ ಇದ್ದರೆ ಈ ಹಂತದಲ್ಲೇ ಗೊತ್ತಾಗುತ್ತದೆ.

ಕೊನೆಗೆ ಹಳೆಯ ಫ್ರೀಜ್ ಮತ್ತು ಹೊಸ ಫ್ರೀಜ್ ಎರಡನ್ನೂ ಡಿಫ್ ಮಾಡಿ. ಸಾಲುಗಳು ಕಡಿಮೆಯಾಗಿರಬಹುದು. ಆವೃತ್ತಿ ಬದಲಾದ ಒಂದೊಂದು ಸಾಲಿಗೂ ನಿಮ್ಮಲ್ಲಿ ಉತ್ತರ ಇರಬೇಕು. ಇಲ್ಲದಿದ್ದರೆ ಮರ್ಜ್ ಮಾಡಬೇಡಿ.

ಹಳೆಯ ಫೈಲ್‌ಗಳನ್ನು ಅದೇ ಕಮಿಟ್‌ನಲ್ಲಿ ಅಳಿಸಿ, ಡಾಕರ್‌ಫೈಲಿನ ಕಾಪಿ ಸಾಲುಗಳನ್ನೂ ತಿದ್ದಿ. ಮುಂದೆ ಇಬ್ಬರು ಬೇರೆ ಬೇರೆ ಬ್ರಾಂಚ್‌ನಲ್ಲಿ ಪ್ಯಾಕೇಜ್ ಸೇರಿಸಿ ಟಿಎಕ್ಸ್‌ಟಿ ಫೈಲಿನಲ್ಲಿ ಗಿಟ್ ಜಗಳ ಬಂದರೆ ಅದನ್ನು ಕೈಯಿಂದ ಬಿಡಿಸಬೇಡಿ. ಇನ್ ಫೈಲಿನ ಜಗಳ ಬಿಡಿಸಿ, ಟಿಎಕ್ಸ್‌ಟಿ ಫೈಲನ್ನು ಮುಖ್ಯ ಬ್ರಾಂಚಿನಲ್ಲಿದ್ದಂತೆ ಮರಳಿಸಿ, ಪಿಪ್-ಕಂಪೈಲ್ ಮತ್ತೆ ಓಡಿಸಿ.