ಸೀಬೆ ಕೊಂಬೆ ಬಗ್ಗಿಸಿ ಕಟ್ಟಿದೆ, ಕಾಯಿ ಕಚ್ಚಿತು

ಹೋದ ಸಲ ಒಂದೇ ಸೀಬೆ ಗಿಡದಿಂದ 70ರ ಮೇಲೆ ಹಣ್ಣು ಕೊಯ್ದೆ. ಗಿಡ ನನ್ನ ಭುಜದ ಎತ್ತರ ಅಷ್ಟೇ. ಏಣಿಯೂ ಬೇಡ, ದೋಟಿಯೂ ಬೇಡ. "ಗಿಡಕ್ಕೆ ಹಗ್ಗ ಕಟ್ಟಿ ಯಾಕೆ ಹಿಂಸೆ ಕೊಡ್ತೀರಾ" ಅಂದಿದ್ದ ಪಕ್ಕದ ಮನೆಯವರೇ ಈಗ ಹಗ್ಗ ಎಷ್ಟು ದಪ್ಪ ಇರಬೇಕು ಅಂತ ಕೇಳ್ತಿದ್ದಾರೆ.

ನನ್ನ ಹಿತ್ತಲು 15 ಅಡಿಗೆ 20 ಅಡಿ ಇರಬಹುದು. ಮೊದಲ ನಾಲ್ಕು ವರ್ಷ ಬರೀ ದುಡ್ಡು ಸುರಿದೆ. ದೊಡ್ಡ ಗಿಡ ತಂದರೆ ಬೇಗ ಹಣ್ಣು ಅಂತ ಆಳೆತ್ತರದ ಸೀಬೆ ತಂದಿದ್ದೆ. ಅದರ ದುಡ್ಡಿಗೆ ನಾಲ್ಕು ಸಣ್ಣ ಕಸಿ ಗಿಡ ಬರುತ್ತಿದ್ದವು. ಪ್ಯಾಕೆಟ್ ಹರಿದಾಗ ಬೇರು ಸಿಂಬೆ ಹಾಗೆ ಸುತ್ತಿಕೊಂಡಿತ್ತು. ಬಿಡಿಸದೆ ಹಾಗೇ ನೆಟ್ಟೆ. ಎರಡು ವರ್ಷ ಒಂದು ಗೇಣೂ ಬೆಳೆಯಲಿಲ್ಲ. ಕಿತ್ತು ನೋಡಿದರೆ ಸಿಂಬೆ ಇನ್ನೂ ಸಿಂಬೆಯಾಗಿಯೇ ಇತ್ತು.

ಮಾವಿನದು ಬೇರೆ ತಪ್ಪು. ಕಸಿ ಗಂಟಿನ, ಅಂದರೆ ಎರಡು ಗಿಡ ಬೆಸೆದ ಜಾಗದ, ಕೆಳಗಿಂದ ಬಂದ ಚಿಗುರು ಒಳ್ಳೆ ಜೋರಾಗಿದೆ ಅಂತ ಬಿಟ್ಟುಬಿಟ್ಟೆ. ಒಂದೂವರೆ ವರ್ಷದಲ್ಲಿ ಮೇಲಿನ ಕಸಿ ಒಣಗಿ, ಕೆಳಗಿನ ಕಾಡು ಗಿಡ ಉಳಿಯಿತು.

ಎರಡನೇ ಸೀಬೆ ಸಣ್ಣ ಕಸಿ ಗಿಡ. ಅದಕ್ಕೆ ಗೊಬ್ಬರ ಜಾಸ್ತಿ ಹಾಕಿದೆ. 12 ಅಡಿ ಹೋಯಿತು, ತುಂಬ ಎಲೆ, ನೆತ್ತಿಯಲ್ಲಿ ಏಳೆಂಟು ಕಾಯಿ. ಅದೂ ಹಕ್ಕಿ ಪಾಲು. ಆಗ ಧೈರ್ಯ ಮಾಡಿ ಎರಡೂವರೆ ಅಡಿಗೆ ಕತ್ತರಿಸಿ, ಗಾಯ ಕೊಳೆಯದಿರಲಿ ಅಂತ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿದೆ. ಮನೆಯಲ್ಲಿ ಎರಡು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಚಿಗುರು ರಾಶಿ ಬಂತು. ಸುತ್ತಲೂ ಹರಡಿದ ಆರನ್ನು ಉಳಿಸಿ, ಮಿಕ್ಕಿದ್ದನ್ನು ಚಿವುಟಿದೆ.

ಕೊಂಬೆ ಹೆಬ್ಬೆರಳು ದಪ್ಪ ಆದಾಗ ಅಡ್ಡಕ್ಕೆ ಬಗ್ಗಿಸಿ, ನೆಲದ ಗೂಟಕ್ಕೆ ಹಗ್ಗದಿಂದ ಕಟ್ಟಬೇಕು. ನಾನು ಮೊದಲ ಸಲ ಒಂದೇ ಏಟಿಗೆ ಎಳೆದೆ, ಎರಡು ಬುಡದಲ್ಲೇ ಸೀಳಿದವು. ಈಗ ಹತ್ತು ದಿನದಲ್ಲಿ ಮೂರು ಸಲ, ಸ್ವಲ್ಪ ಸ್ವಲ್ಪವೇ ಇಳಿಸುತ್ತೇನೆ. ಹಗ್ಗ ತಾಗುವ ಕಡೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತುತ್ತೇನೆ, ಇಲ್ಲದಿದ್ದರೆ ತೊಗಟೆ ತಿಂದುಹೋಗುತ್ತೆ. ತುದಿಯ ಹತ್ತು ಹನ್ನೆರಡು ಜೊತೆ ಎಲೆ ಬಿಟ್ಟು ಉಳಿದದ್ದೆಲ್ಲ ಕೀಳಬೇಕು. ಎರಡು ಮೂರು ವಾರದಲ್ಲಿ ಮಲಗಿದ ಕೊಂಬೆಯ ಮೇಲ್ಮೈಯಲ್ಲಿ ಗಿಣ್ಣು ಗಿಣ್ಣಿಗೂ ಚಿಗುರು ಏಳುತ್ತೆ. ಆ ಎಳೆ ಚಿಗುರಿನ ಎಲೆಯ ಕಂಕುಳಲ್ಲೇ ಮೊಗ್ಗು. ಮೊದಲ ಸಲ ಅದನ್ನು ಕಂಡಾಗ ಕೂತು ಒಂದೊಂದಾಗಿ ಎಣಿಸಿದ್ದೆ. ಹೂವಿಂದ ಹಣ್ಣಿಗೆ ನಾಲ್ಕೂವರೆ ತಿಂಗಳು ಹಿಡಿಯಿತು.

ಕಟ್ಟುವ ಮುಂಚೆ ನೀರು ಎಷ್ಟು ದಿನ ನಿಲ್ಲಿಸಬೇಕು ಅನ್ನೋದನ್ನು ಇಲ್ಲಿ ಹೇಳಲ್ಲ. ಅದನ್ನು ಕಲಿಯಲು ಎರಡು ಬೆಳೆ ಕಳೆದುಕೊಂಡಿದ್ದೇನೆ.

ಇದೇ ಹುರುಪಲ್ಲಿ ನಿಂಬೆಯನ್ನೂ ಬಗ್ಗಿಸಿದೆ. ಬಂದದ್ದು ನೆಟ್ಟಗೆ ಹೋಗುವ ಮುಳ್ಳಿನ ಚಿಗುರು, ಅದರ ತುಂಬ ಎಲೆಯೊಳಗೆ ಗೆರೆ ಕೊರೆಯುವ ರಂಗೋಲಿ ಹುಳು. ಬಿಚ್ಚಿಬಿಟ್ಟೆ. ಹೊಸ ಮಾವನ್ನು ಹೂ ಬಿಡುವ ಹತ್ತಿರ ಕತ್ತರಿಸಿ ಒಂದು ವರ್ಷ ಕಳೆದುಕೊಂಡೆ. ಅದು ಬಲಿತ ಕೊಂಬೆಯ ತುದಿಯಲ್ಲಿ ಹೂ ಬಿಡೋದು, ಸೀಬೆಯ ಲೆಕ್ಕ ಅದಕ್ಕೆ ನಡೆಯಲ್ಲ. ಕೊಯ್ಲಾದ ತಕ್ಷಣ ಕತ್ತರಿಸಿದರೆ ಮಾತ್ರ ಸರಿ. ಅಂಜೂರ ಮಾತ್ರ ಎಲ್ಲಿ ಕತ್ತರಿಸಿದರೂ ಹೊಸ ಚಿಗುರಲ್ಲೇ ಕಾಯಿ ಕೊಡುತ್ತೆ, ಬಂಗಾರದಂಥ ಗಿಡ.

ಹಣ್ಣು ನೊಣಕ್ಕೆ ಔಷಧಿ, ಪಂಪು ಅಂತ ಖರ್ಚು ಮಾಡಿದ್ದು ಸುಮ್ನೆ ಹೋಯಿತು. ಈ ಸಲ 20 ಕಾಯಿಗೆ ಕಾಗದದ ಚೀಲ, 20ಕ್ಕೆ ಹಳೆ ಪಂಚೆಯ ಚೀಲ ಕಟ್ಟಿದೆ. ಕಾಗದ ಮಳೆಗೆ ಹರಿದು ಅರ್ಧ ಹಾಳಾದವು. ಪಂಚೆಯಲ್ಲಿ ಕೆಟ್ಟದ್ದು ಎರಡೇ. ಕಾಯಿ ನಿಂಬೆ ಗಾತ್ರ ಇದ್ದು, ಗಟ್ಟಿಯಾಗಿರುವಾಗಲೇ ಕಟ್ಟಬೇಕು.

ಅಂಜೂರದ ಪಕ್ಕ ಇನ್ನೊಂದು ಸೀಬೆ ನೆಟ್ಟಿದ್ದೇನೆ, ಬೇರು ಬಿಡಿಸಿ. ಈಗ ಮೊಣಕಾಲೆತ್ತರ. ಸುತ್ತ ಆರು ಗೂಟ ಆಗಲೇ ಹೊಡೆದಿದ್ದೇನೆ.